ಕೋಗಿಲೆ ಕಲಿಸಿದ ಗಂಟು

ಬೆಟ್ಟದ ತಪ್ಪಲಿನ ಕುರುಚಲು ಕಾಡಿನಲ್ಲಿ ಒಂದು ದೊಡ್ಡ ಮಾವಿನ ಮರವಿತ್ತು. ಮಕ್ಕಳೇ, ಅದನ್ನು ಬರೀ ಮರ ಎಂದುಕೊಳ್ಳಬೇಡಿ, ಅದೊಂದು ವಿಶ್ವವಿದ್ಯಾಲಯ! ಗೂಡು ಕಟ್ಟುವ ವಿದ್ಯೆಯನ್ನು ಅಲ್ಲಿ ಹೇಳಿಕೊಡುತ್ತಿದ್ದರು. ಹೇಳಿಕೊಡುವವರು ಯಾರು ಅಂತೀರಿ? ಕೋಗಿಲೆ.

ನಗಬೇಡಿ. ಕೋಗಿಲೆ ಹುಟ್ಟಿದ್ದು ಕಾಗೆಯ ಗೂಡಿನಲ್ಲಿ, ಬೆಳೆದದ್ದೂ ಅಲ್ಲೇ, ತಾನಾಗಿ ಒಂದು ಕಡ್ಡಿಯನ್ನೂ ಎತ್ತಿಟ್ಟವನಲ್ಲ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಅವನ ಕಂಠವಿತ್ತಲ್ಲ, ಅದನ್ನು ಕೇಳಿದವರು ಉಳಿದದ್ದನ್ನೆಲ್ಲ ಮರೆತುಬಿಡುತ್ತಿದ್ದರು. ಹಾಗಾಗಿ ಅವನೇ ಗುರು, ಅವನೇ ಕುಲಪತಿ.

ಅಲ್ಲಿ ಕಲಿಯಲು ಬಂದಿದ್ದ ನಲವತ್ತು ಎಳೆಯ ಗೀಜಗಗಳಲ್ಲಿ ಗರಿಕ ಒಬ್ಬ. ಅವನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಈ ಕೊಂಬೆಯಿಂದ ಆ ಕೊಂಬೆಗೆ, ಆ ಕೊಂಬೆಯಿಂದ ಈ ಕೊಂಬೆಗೆ ಹಾರುತ್ತಲೇ ಇರುವವನು. ಅವನ ಚಡಪಡಿಕೆಗೆ ಕಾರಣವಿತ್ತು. ಹಿಂದಿನ ವರ್ಷದ ಗಾಳಿಮಳೆಯಲ್ಲಿ ಅವನ ಭಾವನ ಕೊಕ್ಕಿನ ತುದಿ ಮುರಿದುಹೋಗಿತ್ತು. ಕೊಕ್ಕು ಮುರಿದ ಗೀಜಗ ಗೂಡು ನೇಯುವುದಾದರೂ ಹೇಗೆ? ಈ ಮಳೆಗಾಲಕ್ಕೆ ಮೊಟ್ಟೆ ಇಡಬೇಕಾಗಿದ್ದ ಅಕ್ಕ ನವಣೆ, ತಮ್ಮನನ್ನು ಕರೆದು ಹೇಳಿದ್ದಳು:

"ನೀನೇ ಕಣೋ ನನಗೆ ಗೂಡು ಕಟ್ಟಿಕೊಡಬೇಕು. ಹೋಗಿ ಚೆನ್ನಾಗಿ ಕಲಿತು ಬಾ."

ಆ ಮಾತು ಗರಿಕನ ತಲೆಯೊಳಗೆ ಕೂತುಬಿಟ್ಟಿತ್ತು. ಮಾವು ಹೂ ಬಿಟ್ಟಾಗ ಸೇರಿದವನು, ಕಾಯಿ ಹಣ್ಣಾಗುತ್ತಾ ಬಂದರೂ ಅವನಿಗೆ ಒಂದು ಗಂಟು ಹಾಕಲು ಬರುತ್ತಿರಲಿಲ್ಲ. ಗೀಜಗದ ಗೂಡೆಂದರೆ ಮೊದಲ ಗಂಟೇ ಎಲ್ಲ. ತೂಗುವ ಈಚಲ ಗರಿಯ ತುದಿಗೆ ಹುಲ್ಲಿನ ಎಳೆಯನ್ನು ಸುತ್ತಿ, ಒಂದು ಕಾಲಿನಿಂದ ಅದುಮಿ ಹಿಡಿದು, ಕೊಕ್ಕಿನಿಂದ ಒಳಗೆ ತೂರಿಸಿ ಬಿಗಿಯಬೇಕು. ಅದು ಜಾರಿದರೆ ಉಳಿದದ್ದೆಲ್ಲ ನೆಲಕ್ಕೆ.

ಕೋಗಿಲೆಯ ಪಾಠ ಹೇಗಿತ್ತು ಗೊತ್ತೇ?

"ಗೂಡು ಎಂದರೇನು? ಗೂಡು ಎಂದರೆ ಒಂದು ಭಾವ! ಗೂಡು ಎಂದರೆ ಒಂದು ಕನಸು! ಕುಹೂ..."

ಗರಿಕ ಒಂದು ದಿನ ತಡೆಯಲಾರದೆ ರೆಕ್ಕೆ ಎತ್ತಿದ. "ಗುರುಗಳೇ, ಗಂಟು ಹಾಕೋದು ಯಾವಾಗ ತೋರಿಸಿಕೊಡ್ತೀರಿ?"

"ಗಂಟು ಬರುತ್ತೆ ಮಗು. ಮೊದಲು ಗೂಡಿನ ಚರಿತ್ರೆ ಮುಗೀಲಿ."

"ಚರಿತ್ರೆ ಎಂದು ಮುಗಿಯುತ್ತೆ, ಗುರುಗಳೇ?"

"ಚರಿತ್ರೆ ಮುಗಿಯುತ್ತೇನೋ ಎಲ್ಲಾದರೂ?" ಎಂದು ಕೋಗಿಲೆ ಕೆಂಪು ಕಣ್ಣು ಅರಳಿಸಿದ. ಉಳಿದವರೆಲ್ಲ ನಕ್ಕರು. ಗರಿಕ ನಾಚಿ ಕೂತುಬಿಟ್ಟ.

ಮರದ ಬುಡದಲ್ಲಿ ವಿದ್ಯಾರ್ಥಿಗಳ ಕಷ್ಟಸುಖ ಕೇಳಲೆಂದೇ ಒಂದು ಕಚೇರಿ ಇತ್ತು. ಅಲ್ಲಿ ಕೂರುತ್ತಿದ್ದವನು ಓತಿಕ್ಯಾತ. ಗರಿಕ ಅವನ ಹತ್ತಿರ ಹೋದ.

"ಓತಿಯಣ್ಣ, ನಲವತ್ತು ಜನಕ್ಕೆ ಸೇರಿ ಒಂದೇ ಒಂದು ಹುಲ್ಲೆಳೆ ಕೊಟ್ಟಿದ್ದಾರೆ. ನನ್ನ ಸರದಿ ಇನ್ನೂ ಬಂದಿಲ್ಲ."

ಓತಿಕ್ಯಾತ ತಲೆ ಆಡಿಸಿದ.

"ವಾರದಲ್ಲಿ ನಾಲ್ಕು ದಿನ ಪಾಠವೇ ಇಲ್ಲ. ಕೇಳಿದರೆ ಗುರುಗಳ ಗಂಟಲು ಸರಿಯಿಲ್ಲ ಅಂತಾರೆ."

ಓತಿಕ್ಯಾತ ಇನ್ನೂ ಜೋರಾಗಿ ತಲೆ ಆಡಿಸಿದ. ಗರಿಕನಿಗೆ ಖುಷಿಯೋ ಖುಷಿ. ಹಾರಿಹೋಗಿ ಗೆಳೆಯ ಸಾವೆಗೆ, "ಎಲ್ಲಾ ಸರಿ ಮಾಡ್ತಾರಂತೆ ಕಣೋ!" ಎಂದ.

ಒಂದು ವಾರವಾಯಿತು, ಎರಡು ವಾರವಾಯಿತು. ಏನೂ ಆಗಲಿಲ್ಲ. ಗರಿಕ ಮತ್ತೆ ಕಚೇರಿಗೆ ಹೋಗಿ ಮರೆಯಲ್ಲಿ ನಿಂತು ನೋಡಿದ. ಎದುರಿಗೆ ಯಾರೂ ಇರಲಿಲ್ಲ. ಓತಿಕ್ಯಾತ ಆಗಲೂ ತಲೆ ಆಡಿಸುತ್ತಿದ್ದ! ಇರುವೆ ಹೋದರೂ ಆಡಿಸುತ್ತಿದ್ದ, ಎಲೆ ಬಿದ್ದರೂ ಆಡಿಸುತ್ತಿದ್ದ.

"ನನ್ನ ದೂರು ಏನಾಯ್ತು?" ಎಂದು ಗರಿಕ ಕೇಳಿಯೇಬಿಟ್ಟ.

"ಕೇಳಿಸಿಕೊಂಡೆನಲ್ಲಪ್ಪ," ಎಂದ ಓತಿಕ್ಯಾತ. "ನನ್ನ ಕೆಲಸ ಕೇಳಿಸಿಕೊಳ್ಳೋದು. ಅದನ್ನ ನಾನು ಸರಿಯಾಗಿ ಮಾಡಿದ್ದೀನಿ."

ಅಂದಿನಿಂದ ಗರಿಕನ ಗೊಣಗಾಟ ಶುರುವಾಯಿತು. ಬೆಳಿಗ್ಗೆ ಎದ್ದರೆ ಗೊಣಗು, ಹುಳ ಹೆಕ್ಕುವಾಗ ಗೊಣಗು, ರೆಕ್ಕೆ ಕೊಡವುವಾಗ ಗೊಣಗು. ಕೋಗಿಲೆಯ ಕೂಗನ್ನು ಅಣಕಿಸಿ ಎಲ್ಲರನ್ನೂ ನಗಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಲೆಗಳ ಮರೆಯಲ್ಲಿ ಅವನಷ್ಟು ಧೈರ್ಯಶಾಲಿ ಇನ್ನೊಬ್ಬನಿರಲಿಲ್ಲ ಅನ್ನಿ.

ಹೀಗಿರುವಾಗ ಒಂದು ಸುದ್ದಿ ಬಂತು. ವಿಶ್ವವಿದ್ಯಾಲಯದ ತಪಾಸಣೆಗೆ ಕೆರೆಯ ಕಡೆಯಿಂದ ಹಿರಿಯ ಕೊಕ್ಕರೆ ಬರುತ್ತಾರಂತೆ!

ಕೋಗಿಲೆಯ ಗಂಟಲು ಆ ಕ್ಷಣವೇ ಸರಿಹೋಯಿತು. ಐದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡುವಿಲ್ಲದೆ ಪಾಠ. ಏನು ಪಾಠ? ತಪಾಸಣೆಯವರು ಕೇಳಿದರೆ ಏನು ಹೇಳಬೇಕು ಎನ್ನುವ ಪಾಠ. ಒಬ್ಬೊಬ್ಬರನ್ನೇ ಹತ್ತಿರ ಕರೆದು, ಎದುರಿಗೆ ಕೂರಿಸಿಕೊಂಡು ತಿದ್ದಿದ.

"'ಪಾಠ ಚೆನ್ನಾಗಿದೆ' ಅನ್ನಬೇಡ, ಸಪ್ಪೆಯಾಯ್ತು. 'ಪಾಠ ಅದ್ಭುತವಾಗಿದೆ' ಅನ್ನು. ಹಾಂ, ಈಗ ಕತ್ತು ಸ್ವಲ್ಪ ಮೇಲೆ. ಇನ್ನೊಮ್ಮೆ!"

ಅಷ್ಟೂ ತಿಂಗಳಲ್ಲಿ ಕೋಗಿಲೆ ಇಷ್ಟು ಶ್ರದ್ಧೆಯಿಂದ ಕಲಿಸಿದ್ದು ಇದೊಂದನ್ನೇ. ಯಾರೂ ಇದರಲ್ಲಿ ಹಿಂದೆ ಬೀಳಲಿಲ್ಲ.

"ನಾನಂತೂ ನಿಜ ಹೇಳಿಬಿಡ್ತೀನಿ," ಎಂದು ಗರಿಕ ಸಾವೆಯ ಕಿವಿಯಲ್ಲಿ ಉಸುರಿದ. "ಗಂಟು ಹಾಕೋಕೆ ಬರಲ್ಲ, ಕಲಿಸಿಲ್ಲ, ಅಷ್ಟೇ. ಏನಾಗುತ್ತೋ ಆಗಲಿ."

"ಪದವಿಯ ಎಲೆ ಸಿಗಲ್ಲ, ಅದಾಗುತ್ತೆ," ಎಂದ ಸಾವೆ. ಕಲಿಕೆ ಮುಗಿಸಿದವರಿಗೆ ಕೋಗಿಲೆ ತನ್ನ ಕೊಕ್ಕಿನ ಗುರುತು ಒತ್ತಿದ ಅರಳಿ ಎಲೆ ಕೊಡುತ್ತಿದ್ದ. ಅದಿಲ್ಲದೆ ಮನೆಗೆ ಹೋಗುವುದೆಂದರೆ ಎಲ್ಲರಿಗೂ ಭಯ.

ಕೊಕ್ಕರೆ ಬಂದರು. ಉದ್ದ ಕಾಲು ಊರಿಕೊಂಡು ಸಾಲಿನ ಮುಂದೆ ನಡೆದು, ನೇರವಾಗಿ ಗರಿಕನ ಎದುರಿಗೇ ನಿಂತರು.

"ಏನಪ್ಪಾ, ಪಾಠ ಹೇಗಿದೆ? ಏನಾದರೂ ಕೊರತೆ ಇದೆಯಾ? ಹೆದರಬೇಡ, ಹೇಳು. ಸರಿ ಮಾಡೋಕೇ ನಾನು ಬಂದಿರೋದು."

ಗರಿಕ ಬಾಯಿ ತೆರೆದ. ಕೊಕ್ಕರೆಯ ಹಿಂದೆ ಕೋಗಿಲೆಯ ಕೆಂಪು ಕಣ್ಣು ಕಾಣಿಸಿತು. ಪಕ್ಕದಲ್ಲಿ ಸಾಲಾಗಿ ಜೋಡಿಸಿಟ್ಟ ಅರಳಿ ಎಲೆಗಳು ಕಾಣಿಸಿದವು.

"ಪಾಠ ಅದ್ಭುತವಾಗಿದೆ, ಸ್ವಾಮಿ," ಎಂದ. ಕತ್ತು ತಾನಾಗಿಯೇ ಸ್ವಲ್ಪ ಮೇಲೆದ್ದಿತು. "ಏನೂ ಕೊರತೆಯಿಲ್ಲ. ಎಲ್ಲ ಕಲಿತಿದ್ದೇನೆ."

"ಭೇಷ್!" ಎಂದರು ಕೊಕ್ಕರೆ. ಅಷ್ಟು ಸಿಡುಕನಾದ ಗರಿಕನೇ ಹೀಗೆಂದ ಮೇಲೆ ಉಳಿದ ಮೂವತ್ತೊಂಬತ್ತು ಮಂದಿ ಬೇರೆ ಹೇಳುತ್ತಾರೆಯೇ? ಎಲ್ಲರಿಗೂ ಎಲೆ ಸಿಕ್ಕಿತು.

ಮಾತಿಗೆ ರೆಕ್ಕೆ ಜಾಸ್ತಿ. ಗರಿಕ ಮನೆ ಮುಟ್ಟುವ ಮೊದಲೇ ಅವನ ಮಾತು ಹಾಳುಬಾವಿಯ ಹತ್ತಿರದ ಈಚಲು ಮರಗಳನ್ನು ಮುಟ್ಟಿತ್ತು. ಗೀಜಗಗಳೆಲ್ಲ ಗೂಡು ತೂಗಿಬಿಡುತ್ತಿದ್ದದ್ದು ಆ ಬಾವಿಯ ಮೇಲೇ. ಕೆಳಗೆ ನೀರಿದ್ದರೆ ಹಾವು, ಬೆಕ್ಕುಗಳ ಕಾಟವಿಲ್ಲ ನೋಡಿ. ಅಲ್ಲಿ ಹಾರಕಜ್ಜ ಎಂಬ ಮುದಿ ಗೀಜಗ, ಗರಿಕ ಕಲಿತು ಬರುವುದು ತಡವಾದೀತೆಂದು, ನವಣೆಗಾಗಿ ಆಗಲೇ ಕಬ್ಬಿನ ಗರಿ ಸೀಳಿ ಎಳೆ ತೆಗೆದಿಟ್ಟಿದ್ದ. ಎರಡು ದಿನದಲ್ಲಿ ಕಟ್ಟಲು ಶುರು ಮಾಡುವವನಿದ್ದ.

"ಬೇಡ ಅಜ್ಜ, ನಿನಗ್ಯಾಕೆ ತೊಂದರೆ?" ಎಂದಳು ನವಣೆ ಹಿಗ್ಗಿನಿಂದ. "ನನ್ನ ತಮ್ಮ ಎಲ್ಲಾ ಕಲಿತಿದ್ದಾನಂತೆ. ಕೊಕ್ಕರೆಯವರ ಮುಂದೆ ಅವನೇ ಹೇಳಿದನಂತೆ!"

"ಹಾಗಾದರೆ ಸರಿ ಮಗಳೇ," ಎಂದು ಅಜ್ಜ ಆ ಎಳೆಗಳನ್ನು ಇನ್ನೊಬ್ಬಳ ಗೂಡಿಗೆ ಒಯ್ದ.

ಗರಿಕ ಬಂದಾಗ ಅಕ್ಕ ಮರದ ತುದಿಯಲ್ಲೇ ಕಾದಿದ್ದಳು. "ಮೊಟ್ಟೆ ಇಡೋಕೆ ಇನ್ನು ಎಂಟು ದಿನ ಇದೆ ಕಣೋ. ನಿಧಾನವಾಗಿ ಕಟ್ಟು," ಎಂದಳು. ಗರಿಕ ಅವಳ ಮುಖ ನೋಡಿದ. ಹೇಳಿಬಿಡಬೇಕು ಎಂದುಕೊಂಡ. ನಾಳೆ ಹೇಳೋಣ ಎಂದುಕೊಂಡ. ಮರುದಿನವೂ ನಾಳೆ ಎಂದುಕೊಂಡ.

ಎಂಟು ದಿನ ಅವನಿಗೆ ಅನ್ನ ನೀರು ರುಚಿಸಲಿಲ್ಲ. ಎಳೆ ತರುವುದು, ಸುತ್ತುವುದು, ಅದು ಜಾರುವುದು. ಮತ್ತೆ ತರುವುದು, ಸುತ್ತುವುದು, ಮತ್ತೆ ಜಾರುವುದು. ಕೊನೆಗೆ ಗಂಟು ಬಾರದ ಕಡೆ ಹಸಿ ಮಣ್ಣು ಮೆತ್ತಿ, ಅದರ ಕೆಳಗೆ ಹೇಗೋ ಒಂದು ಗೂಡಿನ ಆಕಾರ ತಂದ. ದೂರದಿಂದ ನೋಡಿದರೆ ಗೂಡೇ. ಹತ್ತಿರದಿಂದ ನೋಡಿದರೆ ಅಯ್ಯೋ ಅನ್ನಿಸುವಂಥದ್ದು. ಅತ್ತ ಬೇರೆ ಗರಿಗಳಲ್ಲಿ ಸಾವೆ ಮತ್ತು ಇತರ ಪದವೀಧರರೂ ಒಬ್ಬರ ಮುಖ ಒಬ್ಬರು ನೋಡದೆ ಇದನ್ನೇ ಮಾಡುತ್ತಿದ್ದರು.

ಗೀಜಗಗಳಲ್ಲಿ ಒಂದು ಪದ್ಧತಿ ಇದೆ. ಕಟ್ಟುವವರು ಗಂಡುಗಳು, ನೋಡಿ ಒಪ್ಪುವವರು ಹೆಣ್ಣುಗಳು. ಹೆಣ್ಣು ಬಂದು ಗೂಡನ್ನು ಕೊಕ್ಕಿನಿಂದ ಜಗ್ಗುತ್ತಾಳೆ. ತಡೆದರೆ ಸರಿ, ಇಲ್ಲದಿದ್ದರೆ ಬೇರೆ ಕಟ್ಟು ಎನ್ನುತ್ತಾಳೆ. ಅಕ್ಕ ಜಗ್ಗುತ್ತಾಳೆ, ಗೂಡು ಬೀಳುತ್ತದೆ, ಎಲ್ಲ ಗೊತ್ತಾಗಿಬಿಡುತ್ತದೆ, ಆಗಲಿ ಎಂದೇ ಗರಿಕ ಕಾದಿದ್ದ.

ಒಂಬತ್ತನೆಯ ದಿನ ಬೆಳಿಗ್ಗೆ ನವಣೆ ಬಂದಳು. ಕೊಕ್ಕು ಮುಂದೆ ತಂದವಳು ಹಿಂದಕ್ಕೆ ಎಳೆದುಕೊಂಡಳು.

"ಪದವಿ ಪಡೆದವನ ಗೂಡನ್ನ ಜಗ್ಗಿ ನೋಡಿದರೆ ನಿನಗೆ ಅವಮಾನ ಮಾಡಿದ ಹಾಗೆ ಕಣೋ," ಎಂದು ನಗುತ್ತಾ ಒಳಗೆ ಹೋಗಿ ಕೂತುಬಿಟ್ಟಳು.

ಮಣ್ಣು ಬಿರುಕುಬಿಟ್ಟಿತು. ಮೇಲಿನ ಎಳೆ ಮೆಲ್ಲಗೆ ಜಾರತೊಡಗಿತು. ಗರಿಕ ಹಾರಿಹೋಗಿ ಆ ಎಳೆಯನ್ನು ಕೊಕ್ಕಿನಿಂದ ಕಚ್ಚಿ ಹಿಡಿದ. ಎರಡು ಕಾಲುಗಳಿಂದ ಈಚಲ ಗರಿಯನ್ನು ಅಪ್ಪಿಕೊಂಡು ತಲೆಕೆಳಗಾಗಿ ನೇತುಬಿದ್ದ. ಅವನ ಕೊಕ್ಕೇ ಈಗ ಗಂಟು!

"ಗರಿಕ, ತಿಂಡಿ ಆಯ್ತೇನೋ?" ಎಂದು ಅಕ್ಕ ಒಳಗಿನಿಂದ ಕೇಳಿದಳು.

"ಉಂ," ಎಂದ ಗರಿಕ.

"ಗೂಡು ತುಂಬಾ ಬೆಚ್ಚಗಿದೆ ಕಣೋ."

"ಉಂ."

"ಮೊದಲನೇ ಮೊಟ್ಟೆ ಇಟ್ಟೆ! ಕೇಳಿಸ್ತಾ?"

ಗರಿಕನ ಕಣ್ಣಲ್ಲಿ ನೀರು ಬಂತು. ಬಾಯಿ ಬಿಟ್ಟು ನಿಜ ಹೇಳಿದರೆ ಗೂಡು ಬೀಳುತ್ತದೆ. ಬಾಯಿ ಮುಚ್ಚಿಕೊಂಡೇ ಇದ್ದರೆ ಎಷ್ಟು ಹೊತ್ತು? ಬಿಸಿಲು ಏರಿತು. ಕತ್ತು ನಡುಗತೊಡಗಿತು. ಬಾವಿಯ ಕಡೆಯಿಂದ ಗಾಳಿ ಎದ್ದು ಗೂಡು ತೂಗಾಡಿತು. ಎಳೆ ಕೊಕ್ಕಿನಲ್ಲಿ ಇಷ್ಟಿಷ್ಟೇ ಜಾರುತ್ತಿತ್ತು. ಇನ್ನೊಂದು ಗಾಳಿ ಬಂದರೆ ಒಳಗಿದ್ದ ಅಕ್ಕ ಗೂಡಿನ ಸಮೇತ ನೀರಿಗೆ ಹೋಗುವುದು ಖಂಡಿತ.

ಗರಿಕ ಬಾಯಿ ತೆರೆದ.

"ಅಕ್ಕಾ, ಹೊರಗೆ ಬಾ! ಬೇಗ ಬಾ! ನನಗೆ ಗಂಟು ಹಾಕೋಕೆ ಬರಲ್ಲ!"

ನವಣೆ ಗಾಬರಿಯಿಂದ ಹೊರಗೆ ಚಿಮ್ಮಿದಳು. ಅವಳ ಬಾಲ ಹೊರಬರುವುದಕ್ಕೂ ಗೂಡು ಕಳಚುವುದಕ್ಕೂ ಸರಿಹೋಯಿತು. ಕೆಳಗೆ ಬಾವಿಯಲ್ಲಿ 'ಡುಬ್' ಎಂದು ಸಣ್ಣ ಸದ್ದಾಯಿತು.

ಆಮೇಲೆ ಪಕ್ಕದ ಗರಿಯಿಂದ ಸಾವೆಯ ಧ್ವನಿ ಬಂತು. "ನನಗೂ ಬರಲ್ಲ." ಆಚೆಯಿಂದ ಇನ್ನೊಬ್ಬ, "ನನಗೂ." ಅದರಾಚೆ ಮತ್ತೊಬ್ಬ. ಪದವಿ ನಂಬಿ ಜಗ್ಗದೆಯೇ ಒಳಹೊಕ್ಕಿದ್ದ ಹೆಣ್ಣುಗಳು ಒಂದೊಂದೇ ಗೂಡಿನಿಂದ ದಡಬಡನೆ ಹೊರಗೆ ಹಾರಿದರು. ಅವರಾರೂ ಇನ್ನೂ ಮೊಟ್ಟೆ ಇಟ್ಟಿರಲಿಲ್ಲ. ಬದುಕಿಕೊಂಡರು.

ಸುದ್ದಿ ತಿಳಿದು ಕೊಕ್ಕರೆ ಓಡೋಡಿ ಬಂದರು, ಜೊತೆಗೆ ಕೋಗಿಲೆಯನ್ನೂ ಎಳೆದುತಂದರು. "ಎಲ್ಲಿ, ನೀನೇ ಒಂದು ಗಂಟು ಹಾಕಿ ತೋರಿಸು," ಎಂದರು.

ಕೋಗಿಲೆ ಎಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ನನ್ನದು ಚರಿತ್ರೆ, ಸ್ವಾಮಿ," ಎಂದ. ಅವನ ಕಂಠ ಆಗಲೂ ಇಂಪಾಗಿಯೇ ಇತ್ತು, ಕೇಳುವವರು ಮಾತ್ರ ಇರಲಿಲ್ಲ. ಅಂದೇ ಕೊಕ್ಕರೆ ಅವನಿಂದ ಪಾಠವನ್ನು ಕಿತ್ತುಕೊಂಡು ಹಾರಕಜ್ಜನಿಗೆ ಒಪ್ಪಿಸಿದರು. ನಂತರ ಗರಿಕನ ಕಡೆ ತಿರುಗಿ, "ನಾನು ಕೇಳಿದೆನಲ್ಲಪ್ಪ. ಸರಿ ಮಾಡೋಕೇ ಬಂದಿದ್ದೀನಿ ಅಂದೆನಲ್ಲ," ಎಂದರು. ಸಾಲಿನಲ್ಲಿ ನಿಂತವರ ಮಾತು ಕೇಳಿ, ಒಂದು ಗಂಟನ್ನೂ ಜಗ್ಗಿ ನೋಡದೆ ಹೋದ ತಮ್ಮ ತಪ್ಪು ನೆನಪಾಗಿ ಅವರೂ ತಲೆ ತಗ್ಗಿಸಿದರು.

ಹಾರಕಜ್ಜ ನವಣೆಯ ಪಕ್ಕದಲ್ಲಿ ಬಂದು ಕೂತ. "ಇನ್ನೂ ಮೊಟ್ಟೆ ಇಡೋದಿದೆ ಮಗಳೇ. ನನ್ನ ಗೂಡಿಗೆ ಬಾ," ಎಂದ. ಅವಳು ತಲೆಯಾಡಿಸಿದಳು, ಆದರೆ ಏಳಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತು ಕೆಳಗೇ ನೋಡುತ್ತಿದ್ದಳು. ನೀರಿನ ಮೇಲೆ ಹುಲ್ಲೆಳೆಗಳು ಬಿಡಿಬಿಡಿಯಾಗಿ ತೇಲುತ್ತಿದ್ದವು.

ಗರಿಕ ಮೆಲ್ಲಗೆ ಹತ್ತಿರ ಬಂದ. "ಅಕ್ಕ, ಅವರು ಕಲಿಸಲೇ ಇಲ್ಲ ಅಕ್ಕ. ಕೇಳಿದೆ, ದೂರು ಕೊಟ್ಟೆ, ಯಾರೂ..."

"ಕಲಿಸದೇ ಇದ್ದದ್ದು ಅವರ ತಪ್ಪು ಕಣೋ," ಎಂದಳು ನವಣೆ, ಅವನತ್ತ ತಿರುಗದೆ. ಬೈಯಲಿಲ್ಲ, ಅಳಲೂ ಇಲ್ಲ. "ಆದರೆ ಅಜ್ಜನನ್ನ ಬೇಡ ಅಂತ ಕಳಿಸಿದ್ದು ನಾನು. ಅವರ ಮಾತು ನಂಬಿ ಅಲ್ಲ. ನಿನ್ನ ಮಾತು ನಂಬಿ."



ನೀತಿ: ಕಲಿಸದ ಗುರುವನ್ನು ಮರೆಯಲ್ಲಿ ಹಳಿದು ಎದುರಿಗೆ ಹೊಗಳಿದರೆ, ಅದರ ನಷ್ಟ ಗುರುವಿಗಲ್ಲ, ನಮ್ಮನ್ನು ನಂಬಿದವರಿಗೆ.