ಗೋಣು ಆಡಿಸಿದ ವಕೀಲ

ಪೇಟೆಂಟ್ ವಕೀಲ ಓತಿಕ್ಯಾತನಿಗೆ ಹುಟ್ಟಿನಿಂದ ಬಂದ ಬಂಡವಾಳ ಒಂದೇ, ಗೋಣು ಆಡಿಸುವುದು. ಕಕ್ಷಿದಾರ ಏನೇ ಹೇಳಲಿ, ಅವನ ಗೋಣು ಹೌದೆನ್ನುತ್ತಿತ್ತು. ಜೀವಾಣುಗಳ ಕಾನೂನಿನಲ್ಲಿ ಅವನು ಹೆಸರು ಮಾಡಿದ್ದೇ ಹಾಗೆ.

ಒಂದು ದಿನ ಬೆಕ್ಕಣ್ಣ ಬಂದ. "ವಕೀಲರೇ, ಹಾಲನ್ನು ಮೊಸರು ಮಾಡುವ ಜೀವಾಣುವನ್ನು ನಾನು ಸೃಷ್ಟಿಸಿದ್ದೇನೆ. ಇನ್ನು ಮೇಲೆ ಯಾರೇ ಹೆಪ್ಪು ಹಾಕಿದರೂ ನನ್ನ ಅಪ್ಪಣೆ ಬೇಕು."

ಓತಿಕ್ಯಾತ ಗೋಣು ಆಡಿಸಿದ. 'ಇಂಥದ್ದು ಲೋಕದಲ್ಲಿ ಇದುವರೆಗೆ ಎಲ್ಲಿಯೂ ಇರಲಿಲ್ಲ' ಎಂದು ಬರೆದು ಅರ್ಜಿ ಹಾಕಿಯೂ ಬಿಟ್ಟ.

ವಿಚಾರಣೆಯ ದಿನ ಪೇಟೆಂಟ್ ಕಚೇರಿಯ ಪರೀಕ್ಷಕಿ ಎಮ್ಮೆಮ್ಮ ಉಗುರುಬೆಚ್ಚಗಿನ ಹಾಲು ತರಿಸಿ ಮುಂದಿಟ್ಟಳು. "ಎಲ್ಲಿ, ಹೆಪ್ಪು ಹಾಕಿ ತೋರಿಸಿ. ಸಂಜೆಯವರೆಗೂ ಕಾಯುತ್ತೇನೆ."

ಓತಿಕ್ಯಾತ ಬೆಕ್ಕಣ್ಣನತ್ತ ಕೈ ಚಾಚಿದ. ಬೆಕ್ಕಣ್ಣ ಮೀಸೆ ಒರೆಸಿಕೊಂಡು ಪಿಸುಗುಟ್ಟಿದ: "ಮಾದರಿ ತುಂಬ ರುಚಿಯಾಗಿತ್ತು. ದಾರಿಯಲ್ಲೇ ಮುಗಿದುಹೋಯಿತು."

ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲಾಯಿತಲ್ಲ ಎಂದುಕೊಂಡ ಓತಿಕ್ಯಾತ. ಗಾಬರಿಯಲ್ಲಿ ಕಾನೂನು ಮರೆತು, ಪಕ್ಕದ ಮನೆಯ ಬಾಗಿಲಲ್ಲಿ ಆಡುವ ಮಾತು ಬಾಯಿಗೆ ಬಂತು: "ಮೇಡಂ, ನಿಮ್ಮ ಊಟದ ಡಬ್ಬಿಯಲ್ಲಿ ಮೊಸರಿದ್ದರೆ ಹೆಪ್ಪಿಗೆ ಒಂದು ಚಮಚ ಕೊಡುತ್ತೀರಾ?"

ಎಮ್ಮೆಮ್ಮ ಡಬ್ಬಿಯ ಮುಚ್ಚಳ ತೆಗೆದಳು. "ಧಾರಾಳವಾಗಿ ತಗೊಳ್ಳಿ. ಅಂದರೆ, ಲೋಕದಲ್ಲಿ ಎಲ್ಲಿಯೂ ಇರದಿದ್ದ ಆ ಜೀವಾಣು ನನ್ನ ಡಬ್ಬಿಯಲ್ಲೂ ಇದೆ ಅನ್ನಿ?"

ಬೆಕ್ಕಣ್ಣ ಕಣ್ಣಲ್ಲೇ 'ಬೇಡ, ಬೇಡ' ಎಂದ. ಅಷ್ಟರಲ್ಲಿ ಓತಿಕ್ಯಾತನ ಗೋಣು ಆಡಿಬಿಟ್ಟಿತ್ತು.