ಬಾಗಿಲಲ್ಲಿ ನಿಂತು ಅಪ್ಪಣೆ ಬೇಡಿದ ಅಜ್ಜನವರು

ಶ್ರೀ ನಿರ್ವಾಣಜ್ಜನವರಿಗೆ ಮಠವಿರಲಿಲ್ಲ. ಸಂಪಿಗೆಗಟ್ಟಿ ಪೇಟೆಯಿಂದ ಒಂದು ಹರದಾರಿ ದೂರ, ಕಾಡು ಶುರುವಾಗುವಲ್ಲಿ, ಮತ್ತಿಯ ಮರದ ಪಕ್ಕದಲ್ಲಿ ಒಂದು ಗುಡಿಸಲಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಬಾಗಿಲಿಗೆ ಒಂದು ಬಿದಿರಿನ ತಟ್ಟಿ. ಬಗ್ಗಿ ಒಳಗೆ ಹೋದರೆ ಆರೇಳು ಜನ ಮೊಣಕಾಲು ಮಡಚಿ ಕೂರಬಹುದಿತ್ತು, ಅಷ್ಟೇ. ಪೇಟೆಯ ಶ್ರೀಮಂತರು ಕಲ್ಲಿನ ಮಠ ಕಟ್ಟಿಸಿಕೊಡುತ್ತೇವೆಂದು ಬಂದಾಗಲೆಲ್ಲ ಅಜ್ಜನವರು ನಕ್ಕು, ಮಜ್ಜಿಗೆ ಕುಡಿಸಿ ಕಳಿಸಿಬಿಡುತ್ತಿದ್ದರು. ಮಾತು ಕಡಿಮೆ. ಇಡೀ ದಿನಕ್ಕೆ ಹತ್ತು ಮಾತಾಡಿದರೆ ಅಂದು ಬಹಳ ಮಾತಾಡಿದರೆಂದು ಜನ ಹೇಳಿಕೊಳ್ಳುತ್ತಿದ್ದರು.

ಈ ಪ್ರಸಂಗವನ್ನು ನಾನು ಕೇಳಿದ್ದು ನನ್ನ ಅಜ್ಜಿ ಅಂಬಕ್ಕನವರ ಬಾಯಿಂದ. ಆಗ ಅವರಿಗೆ ಆರು ವರ್ಷ, ಕಣ್ಣಾರೆ ಕಂಡವರು. ಇದರಲ್ಲಿ ತಪ್ಪು ಮಾಡಿದ ಕುಲಕರ್ಣಿ ವೆಂಕೋಬರಾಯರು ಅವರ ತಂದೆ, ನನ್ನ ಮುತ್ತಜ್ಜ. "ಬರಿಯೂದಾದ್ರ ನಮ್ಮಪ್ಪನ್ನ ಬಿಟ್ಟು ಬರೀಬ್ಯಾಡ. ಗುರುಗಳ ಕಥಿ ಹೇಳಿ ನಮ್ಮ ಕಥಿ ಮುಚ್ಚಿಟ್ರ ಅದು ಭಕ್ತಿ ಅಲ್ಲೋ, ಕಳ್ಳತನ!" ಎಂದು ಅಜ್ಜಿ ಖಡಾಖಂಡಿತ ಹೇಳಿದ್ದರು. ಅವರ ಮಾತು ಮೀರುವ ಧೈರ್ಯ ನನಗೆ ಈಗಲೂ ಇಲ್ಲ.

ಪೇಟೆಯಲ್ಲಿ ಪ್ಲೇಗು ಎರಡನೆಯ ಸಲ ಕಾಣಿಸಿದ ವರ್ಷವದು. ಅಟ್ಟದಿಂದ ಸತ್ತ ಇಲಿ ಬಿದ್ದವೆಂದರೆ ಸಾಕು, ಊರು ಬಿಡಬೇಕು. ಜನ ಒಲೆ ಆರಿಸಿ, ಬಾಗಿಲಿಗೆ ಬೀಗ ಜಡಿದು, ಮಕ್ಕಳುಮರಿ ಕಟ್ಟಿಕೊಂಡು ಊರ ಮೂಡಣದ ಬಯಲಿಗೆ ಹೋದರು. ಅಲ್ಲಿ ಬಿದಿರು, ತಟ್ಟಿಗಳ ಜೋಪಡಿಗಳು ಎದ್ದವು. ಬೀಗ ಹಾಕಿದ ಮನೆಗೊಂದು ಜೋಪಡಿ. ಬಿಟ್ಟುಬಂದ ಮನೆಯ ನಂಬರನ್ನೇ ಜೋಪಡಿಯ ತಟ್ಟಿಯ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದರು. ಯಾರಿಗೆ ಯಾವ ಜೋಪಡಿ ಎಂಬ ಯಾದಿ ಕುಲಕರ್ಣಿ ವೆಂಕೋಬರಾಯರ ಕೈಯಲ್ಲಿತ್ತು.

ಸಂಜೆಯಾದರೆ ಬಯಲಿನ ತುಂಬ ಒಂದೇ ಮಾತು. "ನಮ್ಮ ಪಡಸಾಲಿ ತಂಪು ನೆನಸಿದ್ರ ಜೀವ ಹೋಗ್ತದ ನೋಡವಾ" ಎಂದು ಒಬ್ಬಾಕೆ ಅಂದರೆ, "ತುಳಸಿ ಒಣಗಿ ಹೋಗಿರಬೇಕು, ಯಾರು ನೀರು ಹಾಕ್ತಾರ?" ಎಂದು ಇನ್ನೊಬ್ಬಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೂರು ತಿಂಗಳ ಮಟ್ಟಿಗೆ ಮನೆ ಬಿಟ್ಟವರ ಹಂಬಲ ಅಷ್ಟು! ಮನೆಯೇ ಇಲ್ಲದವರ ಹಂಬಲ ಎಷ್ಟಿದ್ದೀತೆಂದು ಯಾರೂ ಕೇಳಲಿಲ್ಲ.

ಅಂಥವರೊಬ್ಬರಿದ್ದರು. ಪೇಟೆಯವರು ಅವರನ್ನು ಸಾವಂತ್ರಿ ಎನ್ನುತ್ತಿದ್ದರು, ಸಿಟ್ಟು ಬಂದರೆ ಬರೇ "ಏ ಕರೀ" ಎನ್ನುತ್ತಿದ್ದರು. ಅಜ್ಜನವರ ಭಕ್ತನಾದ ನಾನು ಸಾವಂತ್ರವ್ವ ಎಂದೇ ಬರೆಯುತ್ತೇನೆ. ಸಾವಂತ್ರವ್ವ ಸಿದ್ದಿ ಜನ. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶ. ನಮ್ಮ ಮಾತನ್ನೇ ಆಡುತ್ತಾರೆ, ನಮ್ಮ ನೆಲದಲ್ಲೇ ದುಡಿಯುತ್ತಾರೆ. ಆದರೂ ಆ ಮೈಬಣ್ಣ, ಆ ಗುಂಗುರು ಕೂದಲು ಕಂಡ ಕೂಡಲೇ ಪೇಟೆಯವರ ಮೋರೆ ಸಿಂಡರಿಸುತ್ತಿತ್ತು.

ಗಂಡ ಪರಸು ಮರದ ದಿಮ್ಮಿ ಹೇರುವ ಗಾಡಿ ಹೊಡೆಯುತ್ತಿದ್ದ. ಪ್ಲೇಗಿನ ಮೊದಲ ವಾರದಲ್ಲೇ, ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಎರಡು ಹೆಣ್ಣುಮಕ್ಕಳು, ಪಾರಿ ಮತ್ತು ಜಾನಿ, ಜೊತೆಗೊಂದು ಮೊಲೆ ಬಿಡದ ಕೂಸು. ಕಾಳಿನ ಅಡತಿ ಅಂಗಡಿಯ ಒಬ್ಬ ಸಾಹುಕಾರನ ದನದ ಕೊಟ್ಟಿಗೆಯ ಮೂಲೆಯಲ್ಲಿ, ಸಗಣಿ ಬಾಚುವ ಕೆಲಸಕ್ಕೆ ಬದಲಾಗಿ, ಅವರ ವಾಸ. ಸಾಹುಕಾರ ಊರು ಬಿಡುವಾಗ ದನ ಹೊಡೆದುಕೊಂಡು ಹೋದ, ಕೊಟ್ಟಿಗೆಗೆ ಬೀಗ ಹಾಕಿದ. ದನಗಳಿಗೂ ಬಯಲಿನಲ್ಲಿ ಒಂದು ಚಪ್ಪರವಾಯಿತು. ಸಾವಂತ್ರವ್ವನಿಗೆ ಆಗಲಿಲ್ಲ.

ಮೂರು ಸಲ ಕುಲಕರ್ಣಿಯವರ ಮುಂದೆ ಹೋಗಿ ನಿಂತರು.

"ಯಾವ ನಂಬರಿನ ಮನಿ ಬಿಟ್ಟು ಬಂದೀ?"

"ಮನಿ ಇಲ್ರೀ ರಾಯರ. ದನದ ಕೊಟ್ಟಿಗ್ಯಾಗ ಇದ್ವಿ."

"ಮನಿ ಬಿಟ್ಟವರಿಗೆ ಜೋಪಡಿ ಅಂತ ಹುಕುಮ ಅದ. ಬಿಡ್ಲಿಕ್ಕೆ ಮನಿನೇ ಇಲ್ಲಂದ್ರ ನಾ ಏನಂತ ಬರೀಲಿ?"

ಎಂಥ ನ್ಯಾಯ ನೋಡಿ! ಒಂದು ಮನೆ ಇದ್ದವರಿಗೆ ಎರಡಾಯಿತು, ಇಲ್ಲದವರಿಗೆ ಇಲ್ಲವೇ ಇಲ್ಲ. ಅಪ್ಪ ಕೆಟ್ಟವರಲ್ಲ, ಹಿಂದಿನ ಪ್ಲೇಗಿನಲ್ಲಿ ಅವ್ವ ತೀರಿಕೊಂಡ ಮೇಲೆ ಹುಕುಮು, ನಿಯಮ ಎಂದು ಹಿಡಿದುಕೊಂಡೇ ದಿನ ನೂಕುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದರು. ನಾನು ಅಷ್ಟು ಸಲೀಸಾಗಿ ಕ್ಷಮಿಸಲಾರೆ. ಕೇಳುತ್ತ ನಿಂತ ತಾಯಿಯ ಸೊಂಟದ ಮೇಲೆ ಕೂಸಿತ್ತು.

ಸಾವಂತ್ರವ್ವ ತವರಿಗೆ ಹೊರಟರು. ಕಾಡಿನೊಳಗಿನ ಆ ಸಿದ್ದಿವಾಡೆಯ ದಾರಿಗೆ ಅಡ್ಡಲಾಗಿ ಮುಳ್ಳು ಬಡಿದಿದ್ದರು. ಪ್ಲೇಗಿನ ಊರಿಂದ ಬಂದವರು ಯಾರೇ ಆಗಲಿ, ಹೆತ್ತ ಮಗಳೇ ಆಗಲಿ, ಒಳಗೆ ಬಿಡುವಂತಿರಲಿಲ್ಲ. ತಮ್ಮ ಆಚೆಯಿಂದಲೇ ಅಳುತ್ತ, "ಅಕ್ಕಾ, ಇಲ್ಲೂ ಕೂಸುಗಳದಾವಬೇ, ಏನ ಮಾಡ್ಲಿ?" ಎಂದು ಒಂದು ಗಂಟು ಅಕ್ಕಿ ಮುಳ್ಳಿನ ಮೇಲಿಂದ ಎಸೆದ. ಅವನನ್ನು ಬಯ್ಯುವಂತೆಯೂ ಇರಲಿಲ್ಲ. ತಾವು ಹುಟ್ಟಿದ ಮನೆಯ ಮಾಡಿನಿಂದ ಏಳುವ ಹೊಗೆಯನ್ನು ಸಾವಂತ್ರವ್ವ ಮುಳ್ಳಿನ ಈಚೆ ಕುಳಿತು ಹೊತ್ತು ಇಳಿಯುವ ತನಕ ನೋಡಿದರಂತೆ.

ಹಿಂದಿರುಗುವಾಗ ದೊಡ್ಡ ಮಗಳು ಪಾರಿ, "ಅವ್ವಾ, ಮತ್ತ ನಮ್ಮನಿ ಯಾವುದು?" ಎಂದು ಕೇಳಿದಳು. ಹಸಿವು ಅಂದರೆ ನೀರು ಕುಡಿಸಬಹುದು, ಹಾಡು ಹೇಳಿ ಮರೆಸಬಹುದು. ಈ ಮಾತಿಗೆ ಅದೆಲ್ಲ ಸಾಲದು; ತಾಯಿ ಪೇಟೆಯ ದಾರಿ ಬಿಟ್ಟು ಅಜ್ಜನವರ ಗುಡಿಸಲಿನ ಕಡೆ ತಿರುಗಿದರು.

ಅಜ್ಜನವರ ಗುಡಿಸಲಿನ ಮುಂದೆ ಬಂದು ನಿಂತಾಗ ಅಜ್ಜನವರು ಬುಟ್ಟಿ ಹೆಣೆಯುತ್ತ ಕುಳಿತಿದ್ದರು. ಅವರು ಅಂಬಲಿಯ ಗಡಿಗೆಯತ್ತ ಕೈ ಚಾಚುವಷ್ಟರಲ್ಲಿ ಸಾವಂತ್ರವ್ವ ತಡೆದರು.

"ಅನ್ನ ಬ್ಯಾಡ್ರೀ ಅಜ್ಜಾರ, ಗಂಟಿನ್ಯಾಗ ಅಕ್ಕಿ ಅದಾವು. ಒಂದು ಒಲಿ ಹೂಡೂವಷ್ಟು ಜಾಗ ಬೇಕ್ರೀ. ಅಲ್ಲಿಂದ ನಮಗ ಯಾರೂ ಏಳು ಅನಬಾರದು."

ಅಜ್ಜನವರು ಅವರ ಮುಖವನ್ನೇ ನೋಡಿದರು. ಒಳಗೆ ಹೋಗಿ ತಮ್ಮ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರು. "ಒಳಗ ಹೋಗಿ ಒಲಿ ಹೂಡು, ತಾಯಿ" ಎಂದಷ್ಟೇ ಹೇಳಿ ಮತ್ತಿಯ ಮರದ ಬುಡಕ್ಕೆ ಹೋಗಿ ಕುಳಿತರು.

ಒಂದು ದಿನದ ಆಸರೆ ಎಂದು ಸಾವಂತ್ರವ್ವ ತಿಳಿದಿದ್ದರು. ಅಜ್ಜನವರು ಮರಳಿ ಒಳಗೆ ಬರಲೇ ಇಲ್ಲ. ದಿನಾ ಬೆಳಿಗ್ಗೆ ಹಳ್ಳದಲ್ಲಿ ಸ್ನಾನ ಮುಗಿಸಿ ಬಂದು, ಬಾಗಿಲ ಹೊರಗೆ ಕೈಮುಗಿದು ನಿಂತು, "ತಾಯೀ, ಒಳಗ ಬರ್ಲ್ಯಾ?" ಎಂದು ಕೇಳುವರು. ಸಾವಂತ್ರವ್ವ ಓಡಿಬಂದು ಕಾಲಿಗೆ ಬಿದ್ದು, "ಇದು ನಿಮ್ಮದ ರೀ ಅಜ್ಜಾರ, ನನ್ನ ಯಾಕ ಕೇಳ್ತೀರಿ?" ಎಂದು ಅಳುವರು. ಅಜ್ಜನವರು ಸುಮ್ಮನೆ ತಿರುಗಿ ಮರದ ಕೆಳಗೆ ಹೋಗಿಬಿಡುವರು. ಅಂಬಲಿಯನ್ನು ಪಾರಿಯೇ ಅಲ್ಲಿಗೆ ಒಯ್ದು ಕೊಡಬೇಕು. ಹೀಗೆ ಒಂಬತ್ತು ದಿನ ನಡೆಯಿತು.

ಬಯಲಿನಲ್ಲಿ ಗುಲ್ಲೆದ್ದಿತು. ಮಾತಿಗೇನು, ಕೈಯೇ ಕಾಲೇ? ಸಿದ್ದಿ ಹೆಂಗಸು ಅಜ್ಜನವರ ಗುಡಿಸಲು ಕಸಿದುಕೊಂಡಳೆಂದು ಒಬ್ಬ ಅಂದ. ಬೇನೆ ತಂದವರೇ ಆ ಜನ ಎಂದು ಇನ್ನೊಬ್ಬ ಸೇರಿಸಿದ. ಮೊದಲ ಇಲಿ ಸತ್ತು ಬಿದ್ದದ್ದು ಸಾಹುಕಾರರ ಕಾಳಿನ ಚೀಲದಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು! ಆದರೂ ಹತ್ತು ಜನ ಹೋಗಿ ಕುಲಕರ್ಣಿಯವರನ್ನು ಹಿಡಿದುಕೊಂಡರು: ಆಕೆಯನ್ನು ಅಲ್ಲಿಂದ ಎಬ್ಬಿಸಬೇಕು, ಹಳ್ಳದ ಆಚೆಗೆ ಅಟ್ಟಬೇಕು.

ವೆಂಕೋಬರಾಯರಿಗೆ ಅಜ್ಜನವರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. "ಕೆಲಸಿಲ್ಲದ ಬೈರಾಗಿ, ಜನಕ್ಕ ಮಂಕುಬೂದಿ ಎರಚ್ಯಾನ" ಎನ್ನುತ್ತಿದ್ದರು. ರುಮಾಲು ಸುತ್ತಿ, ಕೆರ ಮೆಟ್ಟಿ, ಯಾದಿ ಬಗಲಿಗಿಟ್ಟು ಹೊರಟರು. ತಾಯಿಯಿಲ್ಲದ ಅಂಬಕ್ಕ ತಂದೆಯ ಧೋತರ ಬಿಡದೆ ಅಳಲು ಹತ್ತಿದ್ದರಿಂದ ಕೈಹಿಡಿದು ಕರೆದುಕೊಂಡೇ ಹೋದರು.

ಅವರು ಹೋಗಿ ಮುಟ್ಟಿದಾಗ ಅಜ್ಜನವರು ಒದ್ದೆ ಮೈಯಲ್ಲಿ ಬಾಗಿಲ ಮುಂದೆ ಕೈಮುಗಿದು ನಿಂತಿದ್ದರು. ಬಿದಿರಿನ ತಟ್ಟಿ ಅರ್ಧ ಮುಚ್ಚಿತ್ತು.

"ತಾಯೀ, ಒಳಗ ಬರ್ಲ್ಯಾ?"

ಮುತ್ತಜ್ಜನಿಗೆ ರೇಗಿತು. "ಏನ್ರೀ ಅಜ್ಜಾರ ಇದು? ನಿಮ್ಮ ಗುಡಿಸಲಕ್ಕ ನೀವ ಅಪ್ಪಣಿ ಕೇಳೂದಂದ್ರ! ಸರೀರಿ ಅತ್ತಾಗ. ಇವರನ್ನ ಎಬ್ಬಿಸ್ಲಿಕ್ಕೇ ಬಂದೇನಿ ನಾ."

ಅಜ್ಜನವರು ತಿರುಗಿಯೂ ನೋಡಲಿಲ್ಲ. "ಸಾವಕಾಶ ಮಾತಾಡಪ್ಪಾ. ಮನಿಯವರು ಒಳಗದಾರ."

ಮನೆಯವರು! ಆ ಮಾತು ಒಳಗೆ ಕೇಳಿಸಿತು. ಹುಟ್ಟಿದಾಗಿನಿಂದ ಸಾವಂತ್ರವ್ವನನ್ನು ಬಾಗಿಲಿಂದ ಹೊರಗೆ ಕರೆದವರುಂಟು, ಹೊರಗೆ ಹಾಕಿದವರುಂಟು. ಒಳಗೆ ಬರಲೇ ಎಂದು ಅವರನ್ನು ಕೇಳಿದವರು ಯಾರೂ ಇರಲಿಲ್ಲ. ಅದಕ್ಕೆ ಏನು ಉತ್ತರ ಹೇಳಬೇಕೆಂಬುದೇ ಅವರಿಗೆ ತಿಳಿದಿರಲಿಲ್ಲ, ಪಾಪ. ಎಬ್ಬಿಸಲು ಬಂದವರ ಗದ್ದಲ ಒಂದು ಕಿವಿಗೆ, ಅಜ್ಜನವರ ಮಾತು ಇನ್ನೊಂದು ಕಿವಿಗೆ. ಆಮೇಲೆ ಸೆರಗು ಸರಿಮಾಡಿಕೊಂಡು ಬಂದು ತಟ್ಟಿ ತೆಗೆದರು. ಕಾಲಿಗೆ ಬೀಳಲಿಲ್ಲ, ಅಳಲಿಲ್ಲ.

"ಬರ್ರಿ ಅಜ್ಜಾರ. ನಮ್ಮನಿಗೆ ಬರ್ರಿ."

ಅಜ್ಜನವರ ಮುಖ ಅರಳಿದ್ದನ್ನು ಹೇಳುವಾಗ ಎಂಬತ್ತರ ವಯಸ್ಸಿನಲ್ಲೂ ನಮ್ಮಜ್ಜಿಯ ಕಣ್ಣು ತುಂಬುತ್ತಿತ್ತು. ಗುರುಗಳು ಬಗ್ಗಿ ಒಳಗೆ ಹೋದರು, ಸಾವಂತ್ರವ್ವ ತೋರಿಸಿದ ಜಾಗದಲ್ಲಿ ಬೀಗರ ಮನೆಗೆ ಬಂದವರಂತೆ ಸಂಕೋಚದಿಂದ ಕುಳಿತರು.

ಅಂಬಕ್ಕ ತಂದೆಯ ಕೈ ಕೊಸರಿಕೊಂಡು ಒಳಗೆ ಓಡಿದಳು. ಮಕ್ಕಳಿಗೆ ಯಾರ ಅಪ್ಪಣೆ? "ಕುಂದ್ರು ಮಗಳ, ಇಲ್ಲಿ ಬಾ" ಎಂಬ ಸಾವಂತ್ರವ್ವನ ದನಿ ಕೇಳಿತು. ಹೊರಗೆ ವೆಂಕೋಬರಾಯರೊಬ್ಬರೇ ಉಳಿದರು. ತಟ್ಟಿ ತೆರೆದೇ ಇತ್ತು. ಸಾರಿಸಿದ ನೆಲದ ವಾಸನೆ, ಒಲೆಯ ಮೇಲೆ ಕುದಿಯುವ ಅಂಬಲಿಯ ವಾಸನೆ. ಅವರ ಸ್ವಂತ ಮನೆಗೆ ನಾಲ್ಕು ಅಂಕಣವಿತ್ತು, ಹಿತ್ತಾಳೆಯ ಚಿಲಕವಿತ್ತು. ಆದರೆ ಹೆಂಡತಿ ಹೋದ ಮೇಲೆ ಒಂದೂವರೆ ವರ್ಷ ಆ ಮನೆಯೊಳಗಿಂದ "ಬಂದ್ರೇನು?" ಎನ್ನುವ ಒಂದು ದನಿಯೂ ಇರಲಿಲ್ಲ. ಬಯಲಿನಲ್ಲಿ ಎಲ್ಲರೂ ಮನೆ ಮನೆ ಎಂದು ಹಲುಬುವಾಗ ಅವರು ತುಟಿ ಬಿಗಿದು ಯಾದಿ ನೋಡುತ್ತಿದ್ದರು. ಇಲ್ಲಿ ಆ ಬಿಗಿ ತಡೆಯಲಿಲ್ಲ.

"ನಾ... ನಾನೂ ಬರ್ಲ್ಯಾ?"

ಸಾವಂತ್ರವ್ವ ಆ ಮನುಷ್ಯನನ್ನು ನೋಡಿದರು. ಕೂಸನ್ನು ಸೊಂಟಕ್ಕೇರಿಸಿಕೊಂಡು ಮೂರು ಸಲ ಇವರ ಮುಂದೆ ನಿಂತಿದ್ದವರು ಅವರು. ಅಜ್ಜನವರು ಒಲೆಯ ಕಡೆ ನೋಡುತ್ತ ಕುಳಿತಿದ್ದರು. "ಆಕಿ ಬ್ಯಾಡ ಅಂದಿದ್ರೂ ನ್ಯಾಯನ ಇತ್ತು" ಎಂದು ನಮ್ಮಜ್ಜಿ ಪ್ರತಿ ಸಲವೂ ಇಲ್ಲಿ ಕಥೆ ನಿಲ್ಲಿಸುತ್ತಿದ್ದರು.

"ಬರ್ರಿ" ಎಂದರು ಸಾವಂತ್ರವ್ವ. "ಕೆರ ಹೊರಗ ಬಿಡ್ರಿ. ನೆಲ ಈಗಷ್ಟ ಸಾರಿಸೇನಿ."

ಕುಲಕರ್ಣಿ ವೆಂಕೋಬರಾಯರು ಕೆರ ಬಿಟ್ಟರು. ಬಗ್ಗುವಾಗ ಬಾಗಿಲಿಗೆ ತಾಗಿ ರುಮಾಲು ಬಿತ್ತು. ಅದನ್ನು ಎತ್ತಿಕೊಳ್ಳದೆ ಒಳಗೆ ಹೋಗಿ ಗೋಡೆಗೆ ಒತ್ತಿ ಕುಳಿತರು. ಸಾವಂತ್ರವ್ವ ಎಲ್ಲರಿಗೂ ತೆಂಗಿನ ಪರಟೆಯಲ್ಲಿ ಅಂಬಲಿ ಕೊಟ್ಟರು, ಅವರಿಗೂ ಕೊಟ್ಟರು. ಹಿಡಿದ ಪರಟೆ ಸ್ವಲ್ಪ ಹೊತ್ತು ಕೈಯಲ್ಲೇ ಇತ್ತು. ಆಮೇಲೆ ಕುಡಿದರು. ಅದಕ್ಕಾಗಿ ನಮ್ಮ ಬಳಗದಲ್ಲಿ ಎದ್ದ ರಾಮಾಯಣವನ್ನು ಇಲ್ಲಿ ಬರೆಯುವುದಿಲ್ಲ, ಅದು ನಾಚಿಕೆಗೇಡು.

ಕುಡಿದಾದ ಮೇಲೆ ಸಾವಂತ್ರವ್ವ ಕೇಳಿದರು: "ರಾಯರ, ಖರೇ ಹೇಳ್ರಿ. ಇದು ಎಷ್ಟು ದಿನದ ಮನಿ? ಬ್ಯಾನಿ ಹೋಗಿ ನೀವೆಲ್ಲಾ ಪ್ಯಾಟಿಗೆ ತಿರುಗಿ ಹೋದಮ್ಯಾಲೆ ನಮ್ಮನ್ನ ಏಳು ಅಂತೀರೇನು?"

ಮುತ್ತಜ್ಜ ಅಜ್ಜನವರ ಕಡೆ ನೋಡಿದರು.

"ನನ್ನ ಯಾಕ ನೋಡ್ತೀಯಪ್ಪಾ?" ಎಂದರು ಅಜ್ಜನವರು. "ಈ ಮನಿಗೆ ನಾನೂ ಬಂದಾಂವ, ನೀನೂ ಬಂದಾಂವ."

ಇಷ್ಟೇ ಮಾತು. ವೆಂಕೋಬರಾಯರು ಮಗಳ ಮುಂದೆಯೇ ಮಗುವಿನಂತೆ ಅತ್ತುಬಿಟ್ಟರು. ಸಾವಂತ್ರವ್ವನಿಗೆ ಕೈಮುಗಿದು, "ಏಳು ಅನ್ನೋ ಹಕ್ಕು ಇನ್ನ ಮ್ಯಾಲೆ ನಿಮ್ಮದವಾ. ಏಳಬೇಕಾದವರು ನಾವು" ಎಂದರು. ಅಲ್ಲೇ ಯಾದಿ ಬಿಚ್ಚಿದರು. ಪೇಟೆಯ ಕೊನೆಯ ಮನೆಯ ನಂಬರು ಇನ್ನೂರ ಹನ್ನೊಂದು. ಅದರ ಕೆಳಗೆ ಬರೆದರು: ಇನ್ನೂರ ಹನ್ನೆರಡು, ಸಾವಂತ್ರವ್ವ ಕೋಂ ಪರಸು ಸಿದ್ದಿ, ಸ್ವಂತ ಮನೆ. ಅದೇ ಮಧ್ಯಾಹ್ನ ಸಂತೆಕಟ್ಟೆ, ಸೇತುವೆ, ಹಾಳುಗುಡಿಗಳನ್ನೆಲ್ಲ ಸುತ್ತಿ, ಬಿಟ್ಟುಬರಲು ಮನೆಯೇ ಇಲ್ಲದಿದ್ದ ಹದಿನಾಲ್ಕು ಸಂಸಾರಗಳನ್ನು ಹುಡುಕಿ ಕರೆತಂದು ಜೋಪಡಿ ಹಾಕಿಸಿದರು. ಯಾರ ಹುಕುಮೆಂದು ಕೇಳಿದ ಮೇಲಿನ ಅಧಿಕಾರಿಗಳಿಗೆ ಏನು ಹೇಳಿಕೊಂಡರೋ, ಅಜ್ಜಿಗೂ ಗೊತ್ತಿರಲಿಲ್ಲ.

ಅಜ್ಜನವರು ಮುಂದೆ ಹನ್ನೊಂದು ವರ್ಷ ಆ ಮತ್ತಿಯ ಮರದ ಬುಡದಲ್ಲೇ ಇದ್ದರು. ಮಳೆ ಬಂದರೆ ಸಾವಂತ್ರವ್ವ ಕರೆಯುತ್ತಿದ್ದರು, ಕರೆದರೆ ಒಳಗೆ ಹೋಗುತ್ತಿದ್ದರು. ನಮ್ಮ ಮುತ್ತಜ್ಜ ಆ ಹನ್ನೊಂದು ವರ್ಷವೂ ದಿನ ತಪ್ಪದೆ ಅವರ ದರ್ಶನಕ್ಕೆ ಹೋದರು. ವಸೂಲಿಗೆಂದೋ ಜಪ್ತಿಗೆಂದೋ ಮೊದಲೆಲ್ಲ ಯಾರ ಮನೆಗಾದರೂ ಸೀದಾ ನುಗ್ಗುತ್ತಿದ್ದವರು, ಈಗ ಎಂಥ ಗುಡಿಸಲಾದರೂ ಕೆರ ಬಿಟ್ಟು ಹೊರಗೆ ನಿಂತು ಕೂಗಿ ಕೇಳುತ್ತಿದ್ದರು. ಸರಕಾರದ ಕುಲಕರ್ಣಿಯೊಬ್ಬ, "ಈಗ ಬ್ಯಾಡ್ರೀ ರಾಯರ, ಕೂಸು ಮಲಗೇತಿ" ಎಂದು ಕೂಲಿ ಹೆಂಗಸೊಬ್ಬಳಿಂದ ಅನ್ನಿಸಿಕೊಂಡು ಸದ್ದಿಲ್ಲದೆ ತಿರುಗಿ ಬಂದದ್ದನ್ನು ನಮ್ಮ ಪೇಟೆ ಅದಕ್ಕೂ ಮುಂಚೆ ಕಂಡಿರಲಿಲ್ಲ.