ಮಸಿ ಹಿಡಿಯದ ಗವಾಕ್ಷಿ

"ಕೇಳಿರಪ್ಪೋ ಕೇಳಿ! ದೊರೆ ಬಾಲ್ದಸಾರರ ಮೂರು ಒಗಟು ಬಿಡಿಸಿದವನಿಗೆ ಕಡಲರಮನೆ, ಜೊತೆಗೆ ರಾಜಕುಮಾರಿ ತಿಜಿರಿ. ತಪ್ಪಿದವನಿಗೆ ಕಡಲು!" ಎಂದು ಡಂಗುರ ಹೊಡೆಸಿ ಆರು ತಿಂಗಳಾಗಿತ್ತು.

ಆ ಅರಮನೆಗೆ ಎರಡು ಮುಖ. ದೊರೆಯ ಭಾಗ ಅವನ ಯುರೋಪಿನ ರೀತಿಯದು: ಚೂಪು ಗೋಪುರ, ಕಡಲಿಗೆ ತೆರೆದ ಗಾಜಿನ ಕಿಟಕಿಗಳು. ತೀರಿಹೋದ ರಾಣಿಯ ಭಾಗ ಆಫ್ರಿಕದ ಅವಳ ತವರಿನದು: ಲಾಳದಂತೆ ಬಾಗಿದ ಕಮಾನು, ಕಡಲಿಗೆ ಬೆನ್ನು ಹಾಕಿದ ಒಳಅಂಗಳ. ನೋಡಲು ಚೆಂದವೇ, ಆದರೆ ಒಳಗೆ ಕಾಲಿಟ್ಟರೆ ಎದೆ ಝಲ್ಲೆನ್ನುತ್ತಿತ್ತು.

ಮೊದಲ ಒಗಟಿಗೇ ಒಬ್ಬ ಸರದಾರ ಕಡಲಪಾಲಾದ, ಎರಡನೆಯದಕ್ಕೆ ಒಬ್ಬ ಪಂಡಿತ. ಮದುವೆಯ ಆಸೆಗೆ ಬಂದ ಬೆಸ್ತ ಯೂಬಾ ಮೂರನೆಯದರಲ್ಲಿ ಎಡವಿ ಸೆರೆಯಲ್ಲಿದ್ದ. ಸಂಜೆ ಅವನ ಸರದಿ. ಅವನನ್ನು ಉಳಿಸಲು ತಮ್ಮ ಇದೀರ್ ದೊರೆಯ ಸಭೆಗೆ ಬಂದು ನಿಂತ. ವರ್ಷವರ್ಷ ಅರಮನೆಗೆ ಸುಣ್ಣ ಬಳಿಯುವವನು, ಮೊಣಕೈವರೆಗೂ ಬಿಳಿ.

"ಘಟಾನುಘಟಿಗಳೇ ಮುಳುಗಿದರು, ನೀನ್ಯಾವ ಲೆಕ್ಕವೋ?" ಎಂದು ಮಂತ್ರಿ ನಕ್ಕ.

ದೊರೆ ನಗಲಿಲ್ಲ. "ಒಂದಕ್ಕೊಂದು ಹೋಲದ ಈ ಎರಡು ಭಾಗಗಳನ್ನೂ ಹೆತ್ತ ತಾಯಿ ಒಬ್ಬಳೇ. ಯಾರವಳು? ಸರದಾರ ರಾಣಿಯ ಹೆಸರು ಹೇಳಿ ಸತ್ತ."

"ಕಡಲಮ್ಮ, ಒಡೆಯಾ. ಎರಡನ್ನೂ ಕಟ್ಟಿದ್ದು ಚಿಪ್ಪು ಸುಟ್ಟ ಸುಣ್ಣದಲ್ಲೇ."

"ಕಡುಬೇಸಿಗೆಯಲ್ಲೂ ನನ್ನ ಗೋಡೆ ಅಳುತ್ತದೆ. ಅಳಿಸಿದವರು ಯಾರು? ಪಂಡಿತ ದೆವ್ವ ಅಂದ."

"ನಿಮ್ಮ ಅವಸರ. ಹೊಳೆಮರಳು ಬರುವವರೆಗೆ ಕಾಯದೆ ಕಡಲಮರಳು ಕಲಸಿಸಿದಿರಿ. ಆ ಉಪ್ಪು ಇವತ್ತಿಗೂ ಬೆವರುತ್ತಿದೆ."

ದೊರೆಯ ದನಿ ಕುಗ್ಗಿತು. "ನನ್ನ ಮಗಳು ಏಳು ವರ್ಷದಿಂದ ಗೋಪುರದ ಕೋಣೆಯ ಬಾಗಿಲು ತೆರೆದಿಲ್ಲ. ಒಳಗೇನು ಮಾಡುತ್ತಿದ್ದಾಳೆ? ನಿನ್ನಣ್ಣ, ತನಗಾಗಿ ಕಾಯುತ್ತಿದ್ದಾಳೆ ಅಂದ."

ಇದೀರ್ ತನ್ನ ಸುಣ್ಣದ ಕೈ ನೋಡಿಕೊಂಡ. ನಿಜ ಹೇಳಿದರೆ ತಂದೆಯೊಬ್ಬನ ಎದೆ ಒಡೆಯುತ್ತದೆ, ಹೇಳದಿದ್ದರೆ ಅಣ್ಣ ಉಳಿಯುವುದಿಲ್ಲ.

"ಒಳಗೆ ಯಾರೂ ಇಲ್ಲ, ಒಡೆಯಾ. ಮನುಷ್ಯರಿದ್ದಲ್ಲಿ ದೀಪ, ದೀಪವಿದ್ದಲ್ಲಿ ಮಸಿ. ಏಳು ವರ್ಷ ಸುಣ್ಣ ಬಳಿದಿದ್ದೇನೆ, ಆ ಕೋಣೆಯ ಗವಾಕ್ಷಿಗೆ ಒಂದು ಗೆರೆ ಮಸಿ ಹಿಡಿದಿಲ್ಲ. ಅದು ನಿಮಗೂ ಗೊತ್ತು."

ದೊರೆ ಸಭೆಯ ನಡುವೆಯೇ ಬಿಕ್ಕಿಬಿಕ್ಕಿ ಅತ್ತ. "ಈಜಲು ಹೋದವಳನ್ನು ಅಲೆ ಹೊತ್ತೊಯ್ಯಿತು. ನಾನೇ ಬೀಗ ಹಾಕಿ ಒಳಗಿದ್ದಾಳೆ ಅಂದೆ. ನಿಜ ನನ್ನ ಬಾಯಿಂದ ಬರಲಿಲ್ಲ, ಬೇರೆಯವರ ಬಾಯಿಂದ ಕೇಳಲು ಎರಡು ಜೀವ ತೆಗೆದೆ. ಕೊಡಲು ಮಗಳಿಲ್ಲ, ಮಗು. ಅರಮನೆ ತಗೋ."

"ಅರಮನೆ ಬೇಡ. ಅಣ್ಣನನ್ನು ಕೊಡಿ."

ಹೊತ್ತು ಮುಳುಗುವ ಮೊದಲೇ ಅಣ್ಣತಮ್ಮಂದಿರು ಮನೆ ಸೇರಿದರು. ಅವರ ಹಿಂದೆಯೇ ದೊರೆ ಹೊಸ ದೋಣಿಯೊಂದನ್ನು ಕಳಿಸಿಕೊಟ್ಟ.

ಮರುವರ್ಷ ಇದೀರ್ ಸುಣ್ಣದ ಮಡಕೆ ಹಿಡಿದು ಗೋಪುರಕ್ಕೆ ಏಣಿ ಹಾಕಿದ. ಗವಾಕ್ಷಿಯ ಮೇಲೆ ಬೆರಳಗಲ ಮಸಿ. ಒಳಗೆ ಮುದಿ ದೊರೆ ದೀಪದ ಮುಂದೆ ಒಬ್ಬನೇ ಕೂತಿದ್ದ. ಅಷ್ಟು ಜಾಗಕ್ಕೆ ಸುಣ್ಣ ಬಳಿಯದೆ ಇದೀರ್ ಇಳಿದು ಬಂದ.